ಹಳೇ ಕಾರಿಗೂ ಹಲ್ಲುಂಟು! ನಿಮಗಿದು ಗೊತ್ತೇ?

ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ? ವಯಸ್ಸು ಅಲ್ಲೇ ಬಯಲು! ಸೆಕೆಂಡ್ ಹ್ಯಾಂಡ್ ಕಾರಿಗೆ ಟೈರೇ ಹಲ್ಲು. ಟೈರಿನ ಪಕ್ಕದಲ್ಲಿ ಒತ್ತಿರುವ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಮೀಟರಿನಲ್ಲಿ ಬರೀ 20,000 ಕಿ.ಮೀ., ಆದರೆ ನಾಲ್ಕೂ ಟೈರು ಕಾರಿಗಿಂತ ಮೂರು ವರ್ಷ ಚಿಕ್ಕವು! ಹಳೇ ಟೈರು ಅಷ್ಟು ಬೇಗ ಸವೆದದ್ದು ಹೇಗೆ? ಬ್ರೇಕ್ ಪೆಡಲಿನ ರಬ್ಬರನ್ನೂ ನೋಡಿ. ಅದು ನುಣ್ಣಗಾಗಿದ್ದರೆ ಮೀಟರನ್ನು ನಂಬಬೇಡಿ.

ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತವೂ ಪತ್ತೇದಾರ! ತಗಡಿಗೆ ಗಟ್ಟಿಯಾಗಿ ಅಂಟುತ್ತದೆ. ನೆಗ್ಗಿದ ಕಡೆ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಜಾರಿ ಬೀಳುತ್ತದೆ. ಬಂಪರಿಗೆ ಹಿಡಿದು ಗಾಬರಿಯಾಗಬೇಡಿ, ಅದು ಪ್ಲಾಸ್ಟಿಕ್!

ಬಾನೆಟ್ ಎತ್ತಿ, ಬೋಲ್ಟುಗಳನ್ನು ನೋಡಿ. ತಲೆಯ ಮೇಲಿನ ಬಣ್ಣ ಕಿತ್ತು ಸ್ಪ್ಯಾನರ್ ಗುರುತು ಕಂಡರೆ ಯಾರೋ ಬಿಚ್ಚಿದ್ದಾರೆ ಎಂದೇ ಅರ್ಥ. ಯಾಕೆ ಬಿಚ್ಚಿದರು? ಕೇಳಿಯೇ ಬಿಡಿ!

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಕಲೆಯೇ? ಕಾರು ನೀರಿನಲ್ಲಿ ಮುಳುಗಿ ಎದ್ದಿರಬಹುದು. ಸೀಟು ತೊಳೆದವರು ಬೆಲ್ಟಿನ ತುದಿ ಮರೆತಿರುತ್ತಾರೆ!

ಎಂಜಿನ್ ಆಯಿಲಿನ ಮುಚ್ಚಳ ತೆರೆದಾಗ ಹಾಲು ಹಾಕಿದ ಕಾಫಿಯಂಥ ನೊರೆ ಕಂಡರೆ ಆಯಿಲಿಗೆ ನೀರು ಸೇರಿದೆ. ಕೂಲೆಂಟೇ ಬೆರೆತಿದ್ದರೆ ಖರ್ಚು ದೊಡ್ಡದು. ಮೆಕ್ಯಾನಿಕ್ ನೋಡುವವರೆಗೂ ಅಡ್ವಾನ್ಸ್ ಕೊಡಬೇಡಿ!

ಇನ್ನು ಚೌಕಾಸಿ. "ಬ್ರೇಕು, ಕ್ಲಚ್ಚು ನಾನೇ ಮಾಡಿಸಿಕೊಡ್ತೀನಿ ಸಾರ್" ಎನ್ನುತ್ತಾರಲ್ಲ, ಕೇಳಲು ಚೆಂದ. ಆದರೆ ಕೈಬಿಟ್ಟು ಹೋಗುವ ಕಾರಿಗೆ ಯಾರು ಒಳ್ಳೇ ಪಾರ್ಟ್ಸ್ ಹಾಕಿಸುತ್ತಾರೆ? ನಿಮ್ಮ ಗ್ಯಾರೇಜಿನಿಂದ ಎಸ್ಟಿಮೇಟ್ ಬರೆಸಿಕೊಂಡು ಹೋಗಿ, ಅಷ್ಟನ್ನೂ ಬೆಲೆಯಲ್ಲೇ ಮುರಿಸಿ. ಜಾತ್ರೆಯ ದಲ್ಲಾಳಿಗಳು ಟವೆಲ್ಲಿನಡಿ ಬೆರಳು ಹಿಡಿದು ಕುದುರಿಸುವ ವ್ಯಾಪಾರವನ್ನು ಇಲ್ಲಿ ಒಂದು ಚೀಟಿ ಮುಗಿಸುತ್ತದೆ!

ಹೊಸ ಕಾರಿಗೆ ನಾವು ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ. ಅಮೆರಿಕದಲ್ಲಿ ಡಕೋಟಾ ಕಾರನ್ನೇ 'ನಿಂಬೆಹಣ್ಣು' ಎಂದು ಬೈಯುತ್ತಾರೆ! ಮಾರುವವನಿಗೆ ಗೊತ್ತಿರುವ ಹುಳುಕು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಸಂತೆ ಹೇಗೆ ಕೆಡುತ್ತದೆ ಎಂದು ಅಲ್ಲಿನ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೇ ಕಾರುಗಳನ್ನೇ ಇಟ್ಟುಕೊಂಡು ಲೇಖನ ಬರೆದರು. ಮೂರು ಪತ್ರಿಕೆಗಳು ವಾಪಸ್ ಕಳಿಸಿದವು. 1970ರಲ್ಲಿ ನಾಲ್ಕನೆಯದು ಅಚ್ಚು ಹಾಕಿತು. 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್!

ವಿಮೆಯ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕನದು! ಐದು ವರ್ಷ ಕ್ಲೇಮ್ ಇಲ್ಲದೆ ಗಳಿಸಿದ ಶೇ. 50 ರಿಯಾಯಿತಿ ಮಾರಿದವನ ಜೊತೆಗೇ ಹೋಗುತ್ತದೆ. "ಬೋನಸ್ಸೂ ನಿಮಗೇ ಸಾರ್" ಎಂದರೆ ನಕ್ಕು ಸುಮ್ಮನಾಗಿ.

ಕಾರು ಮಾರಿ ದುಡ್ಡು ಎಣಿಸಿಕೊಂಡ ಮಾತ್ರಕ್ಕೆ ಋಣ ಹರಿಯುವುದಿಲ್ಲ, ಗೊತ್ತೇ? ಆರ್‌ಸಿಯಲ್ಲಿ ಹೆಸರು ಯಾರದೋ, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಕರಣದಲ್ಲಿ ಕಾರು ಕೈಯಿಂದ ಕೈಗೆ ದಾಟಿ ಎಲ್ಲೋ ಹೋಗಿತ್ತು, ಹೆಸರು ಮಾತ್ರ ಮೊದಲಿನವರದೇ! ನೀವು ಯಾವತ್ತೋ ಮಾರಿದ ಹಳೇ ಕಾರಿನ ಆರ್‌ಸಿ ಈಗ ಯಾರ ಹೆಸರಿನಲ್ಲಿದೆ? ಇವತ್ತೇ ಒಮ್ಮೆ ನೋಡಿಬಿಡಿ!