ಸಾಹಸಿಗರ ಪಾಲಿಸಿಯ ಆ ಒಂದು ಪ್ರಶ್ನೆ

ಜೀವ ವಿಮೆಯ ಪ್ರಪೋಸಲ್ ಫಾರಂನಲ್ಲಿ ಎತ್ತರ, ತೂಕ, ಬೀಡಿ-ಸಿಗರೇಟು, ತಂದೆ-ತಾಯಿಗಿದ್ದ ಕಾಯಿಲೆ ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಬರುತ್ತದೆ. ಪರ್ವತಾರೋಹಣ, ಪ್ಯಾರಾಗ್ಲೈಡಿಂಗ್, ಸ್ಕೂಬಾ ಡೈವಿಂಗ್, ಮೋಟಾರ್ ರೇಸ್‌ನಂಥ ಅಪಾಯದ ಹವ್ಯಾಸ ನಿಮಗಿದೆಯೇ, ಮುಂದೆ ಅಂಥದ್ದರಲ್ಲಿ ತೊಡಗುವ ಉದ್ದೇಶವಿದೆಯೇ ಎಂದು. ಕಂಪನಿಯಿಂದ ಕಂಪನಿಗೆ ಪದಗಳು ಬದಲಾಗುತ್ತವೆ, ಕೇಳುವುದು ಅದನ್ನೇ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಕುಮಾರಪರ್ವತಕ್ಕೆ ಹೊರಡುವವರು, ರಾಮನಗರದ ಬಂಡೆಗಳನ್ನೂ ಬಾದಾಮಿಯ ಕೆಂಪುಕಲ್ಲಿನ ಗೋಡೆಗಳನ್ನೂ ಹಗ್ಗ ಕಟ್ಟಿಕೊಂಡು ಹತ್ತುವವರು, ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಕಡಲಾಳಕ್ಕೆ ಇಳಿಯುವವರು, ಇವರಲ್ಲಿ ಎಷ್ಟೋ ಜನ ಆ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಗುರುತು ಹಾಕಿರುತ್ತಾರೆ. ಕೆಲವೊಮ್ಮೆ ಗುರುತು ಹಾಕುವ ಕೈ ಏಜೆಂಟರದು. “ಅದೆಲ್ಲ ಯಾಕೆ ಸರ್, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ. ‘ಇಲ್ಲ’ ಅಂತ ಹಾಕಿಬಿಡೋಣ.”

ಆ ‘ಇಲ್ಲ’ ಎಷ್ಟು ದುಬಾರಿ ಎಂಬುದು ಸಹಿ ಹಾಕಿದವರಿಗೆ ತಿಳಿಯುವುದೇ ಇಲ್ಲ. ತಿಳಿಯುವುದು ನಾಮಿನಿಗೆ.

ಪ್ರೀಮಿಯಂ ಏರುತ್ತದೆಂಬ ಅಂಜಿಕೆ ಪೂರ್ತಿ ಸುಳ್ಳೇನಲ್ಲ. ‘ಹೌದು’ ಎಂದವರಿಗೆ ಕಂಪನಿ ಇನ್ನೊಂದು ಪ್ರಶ್ನಾವಳಿ ಕಳಿಸುತ್ತದೆ. ವರ್ಷಕ್ಕೆ ಎಷ್ಟು ಸಲ ಹೋಗುತ್ತೀರಿ, ಎಷ್ಟು ಎತ್ತರಕ್ಕೆ, ಎಷ್ಟು ಆಳಕ್ಕೆ, ತರಬೇತಿ ಎಲ್ಲಿ ಆಯಿತು, ಒಬ್ಬರೇ ಹೋಗುತ್ತೀರೋ ತಂಡದ ಜತೆಗೋ, ಅದರಿಂದ ಸಂಪಾದನೆ ಇದೆಯೋ. ಉತ್ತರ ನೋಡಿ ಮಾಮೂಲಿ ದರಕ್ಕೇ ಪಾಲಿಸಿ ಕೊಡಬಹುದು, ಹೆಚ್ಚುವರಿ ಪ್ರೀಮಿಯಂ ಕೇಳಬಹುದು, ಆ ಒಂದು ಚಟುವಟಿಕೆಯನ್ನು ಮಾತ್ರ ಹೊರಗಿಡಬಹುದು, ಪಾಲಿಸಿಯೇ ಬೇಡ ಎನ್ನಲೂಬಹುದು. ಹೆಚ್ಚುವರಿಯನ್ನು ಸಾಮಾನ್ಯವಾಗಿ ವಿಮಾ ಮೊತ್ತದ ಪ್ರತಿ ಸಾವಿರ ರೂಪಾಯಿಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಸಾವಿರಕ್ಕೆ 2 ರೂಪಾಯಿ ಎಂದಿಟ್ಟುಕೊಳ್ಳಿ, ಕೇಳಲು ಚಿಲ್ಲರೆ ಕಾಸು. ಒಂದು ಕೋಟಿಯ ಟರ್ಮ್ ಪಾಲಿಸಿಗೆ ಅದೇ ವರ್ಷಕ್ಕೆ 20,000 ರೂಪಾಯಿ. ಮೂವತ್ತರ ಹರೆಯದ ಆರೋಗ್ಯವಂತರಿಗೆ ಮೂಲ ಪ್ರೀಮಿಯಂಗಿಂತ ಈ ಹೆಚ್ಚುವರಿಯೇ ದೊಡ್ಡದಾಗಬಹುದು. ಆದರೆ ಈ ಪೆಟ್ಟು ಬೀಳುವುದು ಎವರೆಸ್ಟ್‌ನಂಥ ಶಿಖರಗಳ ಬೆನ್ನು ಹತ್ತಿದವರಿಗೆ, ರೇಸ್ ಟ್ರ್ಯಾಕಿನಲ್ಲೇ ಬದುಕುವವರಿಗೆ. ವರ್ಷಕ್ಕೆರಡು ಸಲ ಪಶ್ಚಿಮ ಘಟ್ಟದಲ್ಲಿ ಚಾರಣ ಮಾಡುವವರಿಗೆ, ರಜೆಯಲ್ಲಿ ಒಮ್ಮೆ ದಾಂಡೇಲಿಯಲ್ಲಿ ರ‍್ಯಾಫ್ಟಿಂಗ್ ಮಾಡಿದವರಿಗೆ ದರ ಬದಲಾಗುವುದು ಅಪರೂಪ. ಏನೂ ಖರ್ಚಿಲ್ಲದ ಸತ್ಯವನ್ನು ಇವರು ಹೆದರಿ ಮುಚ್ಚಿಡುತ್ತಿದ್ದಾರೆ. ಒಂದು ಕಂಪನಿ ಹೆಚ್ಚು ಕೇಳಿದರೆ ಇನ್ನೊಂದನ್ನು ವಿಚಾರಿಸುವುದಕ್ಕೂ ಅಡ್ಡಿಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿಯೂ ಹೋಗಿದೆ.

ನಿಜ ಹೇಳಿದವರಿಗೆ ಸಿಗುವುದೇನು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಜೀವ ವಿಮೆ, ಅದರಲ್ಲೂ ಟರ್ಮ್ ಪಾಲಿಸಿ, ಬಹಳ ಉದಾರವಾದ ಕರಾರು. ಮೊದಲ 12 ತಿಂಗಳಲ್ಲಿ ಆತ್ಮಹತ್ಯೆ ಮಾಡಿಕೊಂಡರೆ ಪೂರ್ತಿ ಮೊತ್ತ ಇಲ್ಲ ಎಂಬುದನ್ನು ಬಿಟ್ಟರೆ, ವಿಶೇಷ ಷರತ್ತು ಹಾಕದ ಪಾಲಿಸಿಯಲ್ಲಿ ಸಾವು ಹೇಗೆ ಬಂದರೂ ಹಣ ಬರುತ್ತದೆ. ಹಾಸಿಗೆಯಲ್ಲಿ ಬಂದರೂ ಅಷ್ಟೇ, ಹಿಮದ ಬಿರುಕಿನಲ್ಲಿ ಬಂದರೂ ಅಷ್ಟೇ. ಅದರ ಬೆನ್ನಿಗೆ 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಇದೆ. 2015ರ ತಿದ್ದುಪಡಿಯ ಪ್ರಕಾರ ಪಾಲಿಸಿ ಜಾರಿಯಾಗಿ ಮೂರು ವರ್ಷ ದಾಟಿದ ಮೇಲೆ, ವಂಚನೆಯ ಕಾರಣವೂ ಸೇರಿದಂತೆ ಯಾವ ಕಾರಣಕ್ಕೂ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ.

ಇದನ್ನೇ ಜೂಜಾಗಿ ಆಡುವವರಿದ್ದಾರೆ. ಸುಳ್ಳು ಬರೆದು ಮೂರು ವರ್ಷ ತಳ್ಳಿದರೆ ಗೆದ್ದಂತೆ ಎಂದು ಪರಿಚಯದವರಿಗೂ ಬುದ್ಧಿ ಹೇಳುತ್ತಾರೆ. ಈ ಸಲಹೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೂರು ವರ್ಷದೊಳಗೆ ಸಾವಾದರೆ ಕಂಪನಿ ತನಿಖೆಗೆ ಇಳಿಯುತ್ತದೆ, ಮತ್ತು ಈ ಕಾಲದಲ್ಲಿ ಹವ್ಯಾಸವನ್ನು ಬಚ್ಚಿಡುವುದು ಆಗದ ಮಾತು. ಇನ್‌ಸ್ಟಾಗ್ರಾಂನಲ್ಲಿ ಫೋಟೊ, ತರಬೇತಿ ಸಂಸ್ಥೆಯ ಪ್ರಮಾಣಪತ್ರ, ಟ್ರೆಕ್ ಕಂಪನಿಗೆ ಹಣ ಕಟ್ಟಿದ ರಸೀದಿ, ಎಲ್ಲವೂ ದಿನಾಂಕ ಸಹಿತ ಸಿಗುತ್ತವೆ. ಮುಚ್ಚಿಟ್ಟ ವಿಷಯ ಗೊತ್ತಿದ್ದಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದು ತೋರಿಸುವ ಹೊಣೆ ಕಾನೂನಿನ ಪ್ರಕಾರ ಕಂಪನಿಯದೇ, ನಿಜ. ವಂಚನೆ ಅಲ್ಲ, ಬರೀ ತಪ್ಪು ಹೇಳಿಕೆ ಎಂದಾದರೆ ಕಟ್ಟಿದ ಪ್ರೀಮಿಯಂ ಅನ್ನು 90 ದಿನಗಳಲ್ಲಿ ಹಿಂದಿರುಗಿಸಬೇಕು, ಅದೂ ನಿಜ. ಆದರೆ ಕೋಟಿಯನ್ನು ನಂಬಿದ್ದ ಮನೆಗೆ ಕೆಲವು ಸಾವಿರ ವಾಪಸು ಬಂದು ಏನಾಗಬೇಕು? ಕಂತು ತಪ್ಪಿ ಪಾಲಿಸಿ ಲ್ಯಾಪ್ಸ್ ಆಗಿ, ಮತ್ತೆ ಚಾಲ್ತಿಗೆ ತಂದರೆ ಆ ದಿನದಿಂದ ಮೂರು ವರ್ಷದ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎಂಬುದನ್ನೂ ಈ ಜೂಜುಗಾರರು ಮರೆಯುತ್ತಾರೆ. ಪಾಲಿಸಿ ಪಡೆಯುವಾಗ ಇಲ್ಲದ, ಮನಸ್ಸಿನಲ್ಲೂ ಇರದ ಹವ್ಯಾಸ ಆಮೇಲೆ ಹತ್ತಿಕೊಂಡರೆ ಅದು ಬೇರೆ ಮಾತು. ತಿಳಿಸಲೇಬೇಕೆಂದು ಪಾಲಿಸಿಯಲ್ಲಿ ಷರತ್ತಿಲ್ಲದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಮನೆಯವರು ಮೋಸಹೋಗುವ ಇನ್ನೊಂದು ಜಾಗ ಅಪಘಾತದ ರೈಡರ್. ಮೂಲ ಪಾಲಿಸಿಯ ಜತೆ ಇನ್ನಿಷ್ಟು ಕಟ್ಟಿದರೆ ಅಪಘಾತದಲ್ಲಿ ಸತ್ತಾಗ ದುಪ್ಪಟ್ಟು ಬರುತ್ತದೆ ಎಂದು ಏಜೆಂಟರು ಹೇಳಿರುತ್ತಾರೆ, ಅದು ನೆನಪಿರುತ್ತದೆ. ಹೊರಗಿಟ್ಟ ಸಂದರ್ಭಗಳ ಪಟ್ಟಿಯನ್ನು ಯಾರೂ ಓದಿರುವುದಿಲ್ಲ. ಎಲ್‌ಐಸಿಯ ಹಳೆಯ ಪಾಲಿಸಿಗಳ ಅಪಘಾತ ಷರತ್ತಿನಲ್ಲಿ ಗಲಭೆ, ಯುದ್ಧಗಳ ಸಾಲಿನಲ್ಲೇ ಬೇಟೆ, ಪರ್ವತಾರೋಹಣ, ಬೇಲಿ ಹಾರಿಸುವ ಕುದುರೆ ಓಟ ಮತ್ತು ಯಾವುದೇ ಬಗೆಯ ರೇಸು ಸೇರಿವೆ. ಬ್ರಿಟಿಷ್ ಸಾಹೇಬರ ಮೋಜುಗಳನ್ನು ನೆನೆದು ಬರೆದಂತಿರುವ ಈ ಪಟ್ಟಿ ಇವತ್ತಿನ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗಿಗೂ ಅನ್ವಯಿಸುತ್ತದೆ. ಶಿಖರ ಹತ್ತುವಾಗ ಆಕೆ ತೀರಿಕೊಂಡರೆ ಮೂಲ ಮೊತ್ತ ಬರುತ್ತದೆ, ರೈಡರಿನ ಮೊತ್ತ ಬರುವುದಿಲ್ಲ. ಮೂರು ವರ್ಷದ ಕಾನೂನೂ ಇಲ್ಲಿ ನೆರವಿಗೆ ಬಾರದು. ಏಕೆಂದರೆ ಇಲ್ಲಿ ಪಾಲಿಸಿಯನ್ನು ಯಾರೂ ಪ್ರಶ್ನಿಸುತ್ತಿಲ್ಲ, ಅದರಲ್ಲಿ ಬರೆದಿರುವುದನ್ನೇ ಓದಿ ಹೇಳುತ್ತಿದ್ದಾರೆ.

ಸಾಹಸವನ್ನು ಹೊರಗಿಡದ ಅಪಘಾತ ವಿಮೆ ಇದ್ದರೂ, ಆದದ್ದು ಅಪಘಾತವೇ ಎಂಬ ವಾದ ಉಳಿಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಒಂದರಲ್ಲಿ ಬೈಕ್ ಓಡಿಸುತ್ತಿದ್ದ ವ್ಯಕ್ತಿ ಎದೆನೋವು ಬಂದು ಬಿದ್ದು ತೀರಿಕೊಂಡಿದ್ದರು. ಬಿದ್ದದ್ದರಿಂದ ಸಾವಾಯಿತೆಂದು ತೋರದ ಕಾರಣ ಅಪಘಾತದ ಹಣ ಸಿಗಲಿಲ್ಲ. ಇನ್ನೊಂದರಲ್ಲಿ ಮೊಜಾಂಬಿಕ್‌ನಲ್ಲಿ ಕೆಲಸಕ್ಕಿದ್ದವರು ಮಲೇರಿಯಾದಿಂದ ಸತ್ತಿದ್ದರು. ಮಲೇರಿಯಾ ಅಷ್ಟು ಹಬ್ಬಿದ ನಾಡಿನಲ್ಲಿ ಸೊಳ್ಳೆ ಕಚ್ಚುವುದು ಅನಿರೀಕ್ಷಿತವಲ್ಲ, ಆದ್ದರಿಂದ ಅದು ಅಪಘಾತವಲ್ಲ ಎಂದಿತು ಕೋರ್ಟು. ಈ ತರ್ಕವನ್ನು ಹಿಮಾಲಯಕ್ಕೆ ಒಯ್ದು ನೋಡಿ. ಐದು ಸಾವಿರ ಮೀಟರ್ ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ ಸತ್ತರೆ ಅದನ್ನು ಅಪಘಾತ ಎಂದು ಒಪ್ಪಿಸುವುದು ಬಹಳ ಕಷ್ಟ ಎಂದು ನನ್ನ ಎಣಿಕೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಹೋಗಿದ್ದ 22 ಮಂದಿಯ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಪ್ರಾಣ ಬಿಟ್ಟರು. ಬೆಟ್ಟದಲ್ಲಿ ಹೀಗೆ ಚಳಿಗೆ ಹೋದ ಜೀವಗಳು ಅಪಘಾತದ ಲೆಕ್ಕಕ್ಕೋ, ದೇಹ ಸೋತ ಲೆಕ್ಕಕ್ಕೋ ಎಂದು ಕಾಗದದ ಮೇಲೆ ಎಷ್ಟು ದಿನ ಬೇಕಾದರೂ ವಾದಿಸಬಹುದು. ಟರ್ಮ್ ಪಾಲಿಸಿಯ ಮುಂದೆ ಆ ವಾದವೇ ಹುಟ್ಟುವುದಿಲ್ಲ. ಸಾಹಸಕ್ಕೆ ಹೋಗುವವರು ರೈಡರಿಗೆ ಸುರಿಯುವ ಹಣವನ್ನು ಮೂಲ ಮೊತ್ತ ಹೆಚ್ಚಿಸಲು ಹಾಕಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಇನ್ನು ದೇಹವೇ ಸಿಗದಿದ್ದರೆ? ಬೆಟ್ಟ, ಹೊಳೆ, ಕಡಲು ಮೂರೂ ಈ ಪ್ರಶ್ನೆಯನ್ನು ಎತ್ತುತ್ತವೆ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಬಿರಾರ್ಥಿಗಳ ಮೇಲೆ ಹಿಮ ಕುಸಿಯಿತು. 27 ಶವಗಳನ್ನು ಕೆಳಗೆ ತಂದರು, ಇಬ್ಬರು ಆಗ ಸಿಗಲಿಲ್ಲ. ಕಾಣೆಯಾದವರನ್ನು ಸತ್ತರೆಂದು ಭಾವಿಸಲು ನಮ್ಮ ಸಾಕ್ಷ್ಯ ಕಾನೂನು ಏಳು ವರ್ಷ ಕಾಯಿಸುತ್ತದೆ. ಹಿಂದೆ ಇದು 108ನೇ ಸೆಕ್ಷನ್, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಸೆಕ್ಷನ್. ಜತೆಗಿದ್ದವರ ಹೇಳಿಕೆ, ರಕ್ಷಣಾ ತಂಡದ ವರದಿ ಗಟ್ಟಿಯಾಗಿದ್ದರೆ ಅಷ್ಟು ಕಾಯದೆಯೂ ಸಾವನ್ನು ಸಾಬೀತು ಮಾಡಬಹುದು. ಒಬ್ಬರೇ ಹೋಗಿ ಮರೆಯಾದವರ ಮನೆಯವರಿಗೆ ಆ ದಾರಿ ಇಲ್ಲ. ಅವರಿಗೆ ಗೊತ್ತಿರಲೇಬೇಕಾದ ತೀರ್ಪೊಂದಿದೆ. 2004ರಲ್ಲಿ ಎಲ್‌ಐಸಿ ಮತ್ತು ಅನುರಾಧಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಏಳು ವರ್ಷದ ನಂತರ ಸಾವನ್ನು ಭಾವಿಸಬಹುದೇ ಹೊರತು ಕಾಣೆಯಾದ ದಿನವೇ ಸತ್ತರೆಂದು ಭಾವಿಸಲಾಗದು ಎಂದಿತು. ಹಾಗಾಗಿ ನಡುವೆ ಪ್ರೀಮಿಯಂ ನಿಂತ ಪಾಲಿಸಿಯ ಪೂರ್ತಿ ಮೊತ್ತ ಆ ಕುಟುಂಬಕ್ಕೆ ಸಿಗಲಿಲ್ಲ. ದುಡಿಯುವ ಕೈ ಇಲ್ಲದ ಮನೆ, ಸಾವೋ ಬದುಕೋ ತಿಳಿಯದ ದುಃಖದಲ್ಲಿ ಕಂತು ಕಟ್ಟುತ್ತಲೇ ಇರಬೇಕು. ಇದು ಕ್ರೂರ ಎನಿಸುತ್ತದೆ, ಹೌದು. ಆದರೂ ಕಟ್ಟಲೇಬೇಕು.

ವಿದೇಶಕ್ಕೆ ಹೋಗುವವರ ಪ್ರವಾಸ ವಿಮೆಗೆ ಎತ್ತರದ ಮಿತಿ ಇರುತ್ತದೆ. ಎವರೆಸ್ಟ್ ಬೇಸ್ ಕ್ಯಾಂಪ್ ಇರುವುದು 5,364 ಮೀಟರ್‌ನಲ್ಲಿ, ಅನೇಕ ಪಾಲಿಸಿಗಳು ಅದಕ್ಕಿಂತ ಕೆಳಗೇ ನಿಂತುಬಿಡುತ್ತವೆ. ಬೈಕ್ ಒಯ್ದು ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಓಡಿಸುವ ಹುಡುಗರಿಗೂ ಒಂದು ಮಾತು: ರೇಸು, ವೇಗದ ಪರೀಕ್ಷೆಗಳಿಗೆ ಸಾಮಾನ್ಯ ವಾಹನ ವಿಮೆ ಅನ್ವಯಿಸುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಆರೋಗ್ಯ ವಿಮೆಗಳಿಗೆಲ್ಲ ವಿಮಾ ನಿಯಂತ್ರಣ ಪ್ರಾಧಿಕಾರ ಒಂದೇ ಮಾತಿನ ಹೊರಗಿಡುವ ಷರತ್ತುಗಳನ್ನು ಬರೆದುಕೊಟ್ಟಿದೆ. ಅದರಲ್ಲಿ ಸಾಹಸ ಕ್ರೀಡೆಯದೂ ಒಂದು. ಬಂಡೆ ಹತ್ತುವುದು, ಪರ್ವತಾರೋಹಣ, ರ‍್ಯಾಫ್ಟಿಂಗ್, ಮೋಟಾರ್ ರೇಸ್, ಸ್ಕೂಬಾ, ಸ್ಕೈ ಡೈವಿಂಗ್ ಎಲ್ಲ ಹೆಸರಿಸಿ, ಇವುಗಳಲ್ಲಿ ವೃತ್ತಿಪರರಾಗಿ ತೊಡಗಿದಾಗ ಆದ ಗಾಯದ ಚಿಕಿತ್ಸೆಗೆ ಹಣವಿಲ್ಲ ಎನ್ನುತ್ತದೆ. ಹವ್ಯಾಸಕ್ಕೆ ಹೋದವರಿಗೆ ಇದು ಸಮಾಧಾನದ ಸುದ್ದಿ. ಆದರೆ ಅವರನ್ನು ಕರೆದೊಯ್ಯುವವರು? ಕಾಳಿ ನದಿಯಲ್ಲಿ ಒಂದೇ ರ‍್ಯಾಫ್ಟ್ ಮಗುಚಿ, ಒಂದೇ ಕಲ್ಲಿಗೆ ಇಬ್ಬರ ಕಾಲೂ ಮುರಿದರೆ, ಬೆಂಗಳೂರಿನಿಂದ ಬಂದವರ ಆಸ್ಪತ್ರೆ ಬಿಲ್ ವಿಮಾ ಕಂಪನಿಗೆ ಹೋಗುತ್ತದೆ, ಹುಟ್ಟು ಹಾಕುತ್ತಿದ್ದ ಗೈಡಿನ ಬಿಲ್ ಅವನ ಮನೆಗೆ. ಕೆಲಸಗಾರರ ಪರಿಹಾರಕ್ಕೆಂದು 1923ರಲ್ಲೇ ಕಾಯ್ದೆ ಬಂದಿತ್ತು. ಆದರೆ ದಿನಗೂಲಿಯ ಮೇಲೆ, ಒಂದು ಚೀಟಿಯೂ ಇಲ್ಲದೆ ದುಡಿಯುವವನು ತಾನು ನೌಕರನೆಂದು ತೋರಿಸುವುದಾದರೂ ಹೇಗೆ? ದ್ರೌಪದಿ ಕಾ ಡಾಂಡಾದಲ್ಲಿ ಜೀವ ಬಿಟ್ಟವರಲ್ಲಿ ತರಬೇತುದಾರರಾದ ಸವಿತಾ ಕನ್ಸ್‌ವಾಲ್ ಇದ್ದರು, ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಏರಿ ಬಂದಿದ್ದವರು. 2014ರ ಏಪ್ರಿಲ್ 18ರಂದು ಎವರೆಸ್ಟ್‌ನ ಹಿಮಪಾತಕ್ಕೆ 16 ಮಂದಿ ನೇಪಾಳಿ ಕೆಲಸಗಾರರು ಬಲಿಯಾದಾಗ ನೇಪಾಳ ಸರ್ಕಾರ ಮೊದಲು ಘೋಷಿಸಿದ್ದು ತಲಾ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಕೆಲಸ ನಿಲ್ಲಿಸಿದರು, ಆ ಋತುವಿನ ಆರೋಹಣಗಳು ಬಹುತೇಕ ರದ್ದಾದವು, ಕಡ್ಡಾಯ ವಿಮೆಯ ಮೊತ್ತ 10 ಲಕ್ಷದಿಂದ 15 ಲಕ್ಷಕ್ಕೆ ಏರಿತು. ಕರ್ನಾಟಕದಲ್ಲಿ ಚಾರಣ, ರ‍್ಯಾಫ್ಟಿಂಗ್, ಡೈವಿಂಗ್ ನಡೆಸುವ ಸಂಸ್ಥೆಗಳಿಗೆ ಪರವಾನಗಿ ಕೊಡುವಾಗಲೇ ಗೈಡುಗಳ ಗುಂಪು ವಿಮೆಯ ಕಾಗದ ಕೇಳಬೇಕು. ಗ್ರಾಹಕರಾದ ನಾವೂ ಕೇಳಬಹುದು. “ನಿಮ್ಮ ಗೈಡ್‌ಗೆ ಇನ್ಶೂರೆನ್ಸ್ ಇದೆಯಾ?” ಎಂದು ಬುಕಿಂಗ್ ಮಾಡುವಾಗ ಹತ್ತು ಜನ ಕೇಳಿದರೆ ಹನ್ನೊಂದನೆಯವರ ಹೊತ್ತಿಗೆ ಅದು ಬಂದೇ ಬರುತ್ತದೆ.

ಸಾಹಸ ಕ್ರೀಡೆ ಎಂದರೆ ಹೆಲ್ಮೆಟ್ಟು, ಹಗ್ಗ, ಇಂಗ್ಲಿಷ್ ಹೆಸರು ಇರುವುದು ಮಾತ್ರವೇ? ಹಾವೇರಿ, ಶಿಕಾರಿಪುರ, ಸೊರಬದ ಕಡೆ ದೀಪಾವಳಿಯಿಂದ ಶುರುವಾಗುವ ಹೋರಿ ಹಬ್ಬದಲ್ಲಿ ಕೊಬ್ಬರಿ ಕಟ್ಟಿದ ಹೋರಿಯನ್ನು ಬರಿಗೈಯಲ್ಲಿ ತಡೆಯುವ ಹುಡುಗರು, ನೋಡಲು ನಿಂತವರು ತಿವಿತಕ್ಕೆ ಸಿಕ್ಕಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರ ಪೈಕಿ ಕೋಟಿಯ ಟರ್ಮ್ ಪಾಲಿಸಿ ಯಾರ ಬಳಿ ಇದ್ದೀತು? ಮಹಾರಾಷ್ಟ್ರ 2022ರಲ್ಲಿ ದಹಿ ಹಂಡಿಗೆ ಸಾಹಸ ಕ್ರೀಡೆಯ ಮಾನ್ಯತೆ ಕೊಟ್ಟು, ಅದರಲ್ಲಿ ಮಾನವ ಗೋಪುರ ಕಟ್ಟುವ ಗೋವಿಂದರಿಗೆ ವಿಮೆ ಮಾಡಿಸಿತು. ಮರುವರ್ಷ ತಲಾ 75 ರೂಪಾಯಿ ಪ್ರೀಮಿಯಂ ಅನ್ನು ಸರ್ಕಾರವೇ ಕಟ್ಟಿ, ಸಾವಿಗೆ 10 ಲಕ್ಷದ ರಕ್ಷಣೆ ಒದಗಿಸಿತು. ಮಾನವ ಗೋಪುರಕ್ಕೆ ಸಿಕ್ಕದ್ದು ಹೋರಿ ಹಬ್ಬಕ್ಕೆ, ಕಂಬಳಕ್ಕೆ ಸಿಗಬಾರದೇಕೆ?

ಸರ್ಕಾರ ಮನಸ್ಸು ಮಾಡುವವರೆಗೆ ಕಾಯಬೇಕಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರು ಯಾರು ಬೇಕಾದರೂ ಸೇರಬಹುದು. ಅಪಘಾತದಲ್ಲಿ ಸತ್ತರೆ 2 ಲಕ್ಷ. ಖಾತೆಯಿಂದ ಹಣ ಕಡಿತವಾದ ದಿನದಿಂದಲೇ ರಕ್ಷಣೆ ಶುರು. ರಸ್ತೆ ಅಪಘಾತ, ನೀರಲ್ಲಿ ಮುಳುಗಿದ್ದಕ್ಕೆ ಪೊಲೀಸ್ ದೂರು ಬೇಕು. ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದಕ್ಕೆ ತಕ್ಷಣದ ಆಸ್ಪತ್ರೆ ದಾಖಲೆ ಆಗುತ್ತದೆ. ಆದ್ದರಿಂದ ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಸೇರಿಸಿ, ಕಾರಣವನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಮೊತ್ತ ಸಣ್ಣದು, ಒಂದು ಬದುಕಿಗೆ ಸಾಲುವುದಿಲ್ಲ. ಆದರೂ ಬೈಕು, ಬಂಗಾರವನ್ನು ಬಹುಮಾನಕ್ಕಿಡುವ ಸಮಿತಿಗಳು ಹಬ್ಬಕ್ಕೆ ಹದಿನೈದು ದಿನ ಮೊದಲು ಊರಿನ ಬ್ಯಾಂಕಿನವರನ್ನು ಕರೆಸಿ, ಹೋರಿ ಹಿಡಿಯಲು ಬರುವ ಪ್ರತಿಯೊಬ್ಬನ ಅರ್ಜಿ ತುಂಬಿಸಿ, ನಾಮಿನಿಯ ಹೆಸರು ಬರೆಸಿ, ಕಡಿತದ ಮೆಸೇಜು ತೋರಿಸಿದವರಿಗೆ ಮಾತ್ರ ಅಖಾಡದೊಳಗೆ ಬಿಡಬಹುದು. ನೂರು ಹುಡುಗರಿಗೆ ಆಗುವ ಖರ್ಚು 2,000 ರೂಪಾಯಿ.