ಅಡ್ಡ ಮಲಗಿದ ಬಿಲ್ಲೆ

ಹದಿಮೂರು ಎಲೆಗಳ ರಮ್ಮಿಯಾಟವನ್ನು ಬಲ್ಲವರಿಗೆ ಜಪಾನಿನ ಮಹಜಾಂಗ್ ಆಟದ ತತ್ತ್ವ ಅಪರಿಚಿತವೆನಿಸದು. ಚೀನದಲ್ಲಿ ಹುಟ್ಟಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನನ್ನು ಸೇರಿದ ಈ ಆಟದಲ್ಲಿ ಎಲೆಗಳಿಗೆ ಬದಲಾಗಿ 136 ಬಿಲ್ಲೆಗಳಿವೆ: 34 ಬಗೆ, ಬಗೆಗೆ ನಾಲ್ಕರಂತೆ. ಅಂಕಿ, ವೃತ್ತ, ಬಿದಿರು ಎಂಬ ಮೂರು ವರ್ಗಗಳಲ್ಲಿ ಒಂದರಿಂದ ಒಂಬತ್ತರವರೆಗಿನ ಬಿಲ್ಲೆಗಳು; ಉಳಿದವು ನಾಲ್ಕು ಗಾಳಿಗಳು ಮತ್ತು ಮೂರು ಡ್ರ್ಯಾಗನ್‌ಗಳು. ನಾಲ್ವರು ಆಟಗಾರರಿಗೆ ತಲಾ ಹದಿಮೂರು. ಹದಿನಾಲ್ಕನೆಯದು ಬಂದಾಗ ನಾಲ್ಕು ತ್ರಿಕಗಳೂ ಒಂದು ಜೋಡಿಯೂ ಪೂರ್ಣವಾಗಬೇಕು. ತ್ರಿಕವೆಂದರೆ ಒಂದೇ ವರ್ಗದ 4-5-6ರಂಥ ಸರಣಿ, ಇಲ್ಲವೆ ಒಂದೇ ಬಗೆಯ ಮೂರು ಬಿಲ್ಲೆ.

ರಮ್ಮಿಯಲ್ಲಿ ಆಟ ಮುಗಿಯುವವರೆಗೂ ಕೈ ಗುಟ್ಟಾಗಿರುತ್ತದೆ. ಇಲ್ಲಿ ಹಾಗಲ್ಲ. ಇನ್ನೊಬ್ಬನು ಎಸೆದ ಬಿಲ್ಲೆಯನ್ನೆತ್ತಿ ತ್ರಿಕವನ್ನು ಪೂರೈಸಬಹುದು. ಆದರೆ ಅದನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಡಬೇಕು. ಸರಣಿಗಾಗಿ ಎಡಗಡೆಯವನ ಬಿಲ್ಲೆಯನ್ನು ಮಾತ್ರ ಎತ್ತಬಹುದು, ಇದು 'ಚೀ'. ಒಂದೇ ಬಗೆಯ ಮೂರಕ್ಕಾಗಿ ಯಾರದನ್ನಾದರೂ ಎತ್ತಬಹುದು, ಇದು 'ಪೊನ್'.

ಎತ್ತಿದ ಬಿಲ್ಲೆಯನ್ನು ಅಡ್ಡಲಾಗಿ ಮಲಗಿಸುವುದು ಜಪಾನೀಯರ ಕ್ರಮ. ಪೊನ್‌ನಲ್ಲಿ ಅದು ಎಡತುದಿಯಲ್ಲಿದ್ದರೆ ಎತ್ತಿದವನ ಎಡಗಡೆಯವನು ಎಸೆದದ್ದು, ನಡುವೆ ಇದ್ದರೆ ಎದುರಿನವನದು, ಬಲತುದಿಯಲ್ಲಿದ್ದರೆ ಬಲಗಡೆಯವನದು. ಇದನ್ನು ಬರಿಯ ಶಿಷ್ಟಾಚಾರವೆಂದು ಭಾವಿಸಬಾರದು. ಪ್ರತಿಯೊಬ್ಬನೂ ತಾನೆಸೆದ ಬಿಲ್ಲೆಗಳನ್ನು ತನ್ನ ಮುಂದೆ, ಎಸೆದ ಕ್ರಮದಲ್ಲಿಯೇ, ಸಾಲಿಗೆ ಆರರಂತೆ ಜೋಡಿಸುತ್ತಾನೆ. ಗೆಲುವಿಗಾಗಿ ತಾನು ಕಾಯುತ್ತಿರುವ ಬಿಲ್ಲೆಗಳಲ್ಲಿ ಒಂದನ್ನಾದರೂ ಹಿಂದೆ ತಾನೇ ಎಸೆದಿದ್ದರೆ, ಇತರರು ಎಸೆದುದರಿಂದ ಅವನು ಗೆಲ್ಲುವಂತಿಲ್ಲ. ಈ ನಿಯಮಕ್ಕೆ 'ಫುರಿತೆನ್' ಎಂದು ಹೆಸರು.

ಈಗ ನಮ್ಮ ಎದುರಿನವನು ವೃತ್ತದ 5ನ್ನು ಎಸೆದನೆನ್ನೋಣ; ನಮ್ಮ ಎಡಗಡೆಯವನು ಪೊನ್ ಎಂದು ಅದನ್ನೆತ್ತಿದನು. ಒಡನೆಯೇ ಎದುರಿನವನ ಸಾಲಿನಿಂದ ಆ 5 ಮಾಯವಾಗುತ್ತದೆ. ಆದರೆ ನಿಯಮ ಅದನ್ನು ಮರೆಯುವುದಿಲ್ಲ. ಮುಂದೆ ಎದುರಿನವನು ಗೆಲುವಿಗೆ ಒಂದೇ ಬಿಲ್ಲೆ ಬಾಕಿಯೆಂದು 'ರೀಚಿ' ಸಾರಿದರೆ, ನಾವು ನಿರ್ಭಯವಾಗಿ ಎಸೆಯಬಲ್ಲ ಬಿಲ್ಲೆ ಯಾವುದು? ಅವನ ಸಾಲನ್ನಷ್ಟೇ ನೋಡುವವನಿಗೆ 5 ಹೊಳೆಯದು. ಎಡಗಡೆಯವನ ಪೊನ್‌ನಲ್ಲಿ ಎಡತುದಿಯ ಬಿಲ್ಲೆ ಅಡ್ಡವಾಗಿರುವುದನ್ನು ಕಂಡವನಿಗೆ ತಿಳಿಯುತ್ತದೆ. ಇಷ್ಟೇ ಅಲ್ಲ, 3-4 ಹಿಡಿದವನು 2 ಮತ್ತು 5 ಎರಡಕ್ಕೂ ಕಾಯುತ್ತಾನಾದುದರಿಂದ, 2ಕ್ಕೂ ಒಂದಿಷ್ಟು ರಕ್ಷಣೆ ದೊರೆಯಿತು. ಪೂರ್ಣ ರಕ್ಷಣೆಯಲ್ಲ: 1-3ರ ನಡುವಿನ 2ಕ್ಕಾಗಿಯೋ, ಜೋಡಿಗಾಗಿಯೋ ಅವನು ಕಾಯುತ್ತಿರಬಹುದು.

ಅದೇ ಪೊನ್ ನಮ್ಮ ಲೆಕ್ಕವನ್ನೂ ಬದಲಿಸುತ್ತದೆ. ನಮ್ಮಲ್ಲಿಯೇ ವೃತ್ತದ 3-4 ಇದ್ದರೆ ನಮಗೆ ಬೇಕಾದುವು ನಾಲ್ಕು 2, ನಾಲ್ಕು 5, ಒಟ್ಟು ಎಂಟು. ಮೂರು 5 ಮೇಜಿನ ಮೇಲೆ ಬಿದ್ದ ಮೇಲೆ ಉಳಿದಿರುವುದು ಹೆಚ್ಚೆಂದರೆ ಐದು. ಕಾಣದ ಬಿಲ್ಲೆಗಳು 70 ಇದ್ದರೆ, ಒಂದು ಸಲ ಎತ್ತುವಾಗ ಗೆಲುವಿನ ಸಂಭವನೀಯತೆ 14ರಲ್ಲಿ 1. ಇದನ್ನು ಲೆಕ್ಕ ಹಾಕದೆ ಎಂಟನ್ನೇ ನಂಬಿ ಕುಳಿತವನ ನಿರೀಕ್ಷೆ ವ್ಯರ್ಥ.

ತೆರೆದಿಟ್ಟವನ ಗುಟ್ಟು ಇನ್ನೊಂದು ದಾರಿಯಲ್ಲಿಯೂ ಸೋರುತ್ತದೆ. ನಾಲ್ಕು ತ್ರಿಕ, ಒಂದು ಜೋಡಿ ಆದ ಮಾತ್ರಕ್ಕೆ ಗೆಲುವಿಲ್ಲ. 'ಯಾಕು' ಎಂಬ ಮಾನ್ಯವಾದ ವಿಶೇಷ ಲಕ್ಷಣ ಒಂದಾದರೂ ಇರಬೇಕು. ಮುಚ್ಚಿದ ಕೈಯವನಿಗೆ ರೀಚಿಯೇ ಯಾಕು. ತೆರೆದವನಿಗೆ ಆ ಹಕ್ಕಿಲ್ಲ. ಬಿದಿರಿನ 7-8-9ನ್ನು ಮೊದಲೇ ತೆರೆದಿಟ್ಟವನು 2ರಿಂದ 8ರವರೆಗಿನ ಬಿಲ್ಲೆಗಳಿಂದಲೇ ಆಗುವ ಯಾಕುವನ್ನು ಕೈಬಿಟ್ಟಂತಾಯಿತು. ಹಾಗಾದರೆ ಅವನ ಆಸರೆ ಯಾವುದು? ಅಂಕಿ ಮತ್ತು ವೃತ್ತಗಳನ್ನು ಮೊದಲಿನಿಂದಲೂ ಎಸೆಯುತ್ತಿದ್ದರೆ ಅವನು ಬಿದಿರೊಂದನ್ನೇ ಕೂಡಿಸುತ್ತಿರುವನೆಂದು ಶಂಕಿಸಲು ಕಾರಣವುಂಟು. ಡ್ರ್ಯಾಗನ್‌ಗಳು ಇನ್ನೂ ಕಾಣದಿದ್ದರೆ ಅವುಗಳ ಮೇಲೂ ಕಣ್ಣಿರಬೇಕು.

ವೇಗದ ಆಸೆಗೆ ನಾಲ್ಕು ತ್ರಿಕಗಳನ್ನೂ ತೆರೆದಿಟ್ಟವನ ಕೈಯಲ್ಲಿ ಒಂದೇ ಬಿಲ್ಲೆ ಉಳಿಯುತ್ತದೆ. ಅದರ ಜೊತೆಗಾರರು ಹೆಚ್ಚೆಂದರೆ ಮೂರು. ಬೇರೊಬ್ಬನು ರೀಚಿ ಸಾರಿದಾಗ, ಆಗತಾನೆ ಎತ್ತಿದ ಬಿಲ್ಲೆ, ಕೈಯಲ್ಲಿರುವ ಬಿಲ್ಲೆ, ಇವೆರಡರಲ್ಲಿ ಒಂದನ್ನು ಅವನು ಎಸೆಯಲೇಬೇಕು.