ಕಡತಗಳಿಗೆ ವಿಸ್ತೃತ ಗುಣಲಕ್ಷಣ ನಮೂದಿಸುವ ಬಗ್ಗೆ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ, ಕಡತದ ಒಳವಿಷಯವನ್ನು ಬದಲಿಸದೆ, ಅರ್ಜಿ ಸಂಖ್ಯೆಯಂತಹ ಹೆಚ್ಚುವರಿ ವಿವರವನ್ನು ಅದಕ್ಕೆ ಜೋಡಿಸಬಹುದಾಗಿದೆ. ಇದಕ್ಕೆ ವಿಸ್ತೃತ ಗುಣಲಕ್ಷಣ ಎಂದು ಹೆಸರು. ತಂತ್ರಾಂಶವು ‘ಸೆಟ್‌ಎಕ್ಸ್‌ಆಟರ್’ ಎಂಬ ಸಿಸ್ಟಂ ಕಾಲ್ ಮೂಲಕ ಕಡತದ ಹೆಸರು, ಗುಣಲಕ್ಷಣದ ಹೆಸರು, ಮೌಲ್ಯ ಹಾಗೂ ಅದರ ಗಾತ್ರವನ್ನು ವ್ಯವಸ್ಥೆಗೆ ಸಲ್ಲಿಸುತ್ತದೆ. ಗುಣಲಕ್ಷಣದ ಹೆಸರು 255 ಬೈಟ್ ಮೀರುವಂತಿಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ತಗಲುವುದರಿಂದ ಕನ್ನಡದ ಹೆಸರು ಚಿಕ್ಕದಿರುವುದು ಲೇಸು. ‘ಹೊಸದಾಗಿ ಮಾತ್ರ ಸೃಜಿಸು’ ಎಂಬ ಸೂಚನೆ ನೀಡಿದಲ್ಲಿ, ಅದೇ ಹೆಸರಿನ ಹಿಂದಿನ ನಮೂದು ಅಳಿಯದೆ ಉಳಿದು, ಕರೆಯೇ ವಿಫಲವಾಗುತ್ತದೆ.

ಆದರೆ ಫ್ಯಾಟ್ 32 ಮಾದರಿಯ ಪೆನ್ ಡ್ರೈವ್‌ಗೆ ನಕಲಿಸಿದಾಗ ಅಥವಾ ಇ-ಮೇಲ್‌ಗೆ ಲಗತ್ತಿಸಿದಾಗ ಈ ವಿವರವು ಕಡತದೊಡನೆ ಹೋಗುವುದಿಲ್ಲ. ಎಚ್ಚರಿಕೆಯ ಸಂದೇಶವೂ ಬಾರದಿರಬಹುದು. ಆದುದರಿಂದ ಅರ್ಜಿದಾರರು ಅರ್ಜಿ ಸಂಖ್ಯೆಯನ್ನು ದಾಖಲೆಯ ಮೊದಲ ಪುಟದಲ್ಲಿಯೇ ನಮೂದಿಸತಕ್ಕದ್ದು.